ಉಪಾಹಾರಗೃಹದ ಯಜಮಾನನೂ ಪರಿಚಾರಿಕೆಯೂ

ಪುತ್ತೂರು, ಸುಳ್ಯಗಳನ್ನು ದಾಟಿ ಮೈಸೂರಿಗೆ ಹೋಗುವ ಪ್ರಯಾಣಿಕರೂ, ಕಡಬದ ಮೂಲಕ ಕುಕ್ಕೆ ಸುಬ್ರಹ್ಮಣ್ಯಕ್ಕೆ ತೆರಳುವ ಯಾತ್ರಿಕರೂ ಕಾಫಿ ತಿಂಡಿಗೆಂದು ಇಳಿಯುವ ಹೊಟೇಲುಗಳು ನಮ್ಮ ಸೀಮೆಯಲ್ಲಿ ಹಲವಾಗಿವೆ. ನನ್ನ ಬಾಲ್ಯದಲ್ಲಿ ಅಲ್ಲಿ ಬಡಿಸುವವರು ‘ಮಾಣಿ’ಗಳೆಂದು ಕರೆಯಲ್ಪಡುತ್ತಿದ್ದ ಹುಡುಗರು. ಇಂದು ತರಕಾರಿ ಹೆಚ್ಚುವವರೂ, ಪಾತ್ರೆ ತೊಳೆಯುವವರೂ, ಮೇಜಿಗೆ ತಿಂಡಿ ತಂದಿಡುವವರೂ ಅನೇಕ ಕಡೆ ಸ್ತ್ರೀಯರೇ. ಅವರ ಮಾನವನ್ನು ಕಾಯುವ ಹೊಣೆ ಯಾರದೆಂಬ ಪ್ರಶ್ನೆಯನ್ನು ವಾಚಕ ಸೋದರಿಯರ ಮುಂದಿಡಲು ನನ್ನ ಹಳೆಯ ಶಿಷ್ಯೆಯೊಬ್ಬಳು ಕಾರಣಳಾದಳು.

ಅವಳ ಹೆಸರಾಗಲಿ, ಅವಳು ದುಡಿದ ಹೊಟೇಲಿನ ಹೆಸರಾಗಲಿ ಇಲ್ಲಿ ಬೇಡ. ನಿತ್ಯವೂ ಬರುತ್ತಿದ್ದ ಗಿರಾಕಿಯೊಬ್ಬನು ತಟ್ಟೆಯಿಡುವಾಗ ಕೈ ಹಿಡಿಯುವುದು, ಅಸಭ್ಯವಾಗಿ ನುಡಿಯುವುದು ನಡೆದಿತ್ತು. ಧಣಿಗಳಿಗೆ ಹೇಳಿದರೆ, “ದಿನಾ ಬರುವ ಜನ, ಸ್ವಲ್ಪ ಸಹಿಸಿಕೋ ಮಗಾ” ಎಂಬ ಉತ್ತರ. ಮೂರನೆಯ ಬಾರಿ ಹೇಳಿದ ಮರುದಿನ ಕೆಲಸ ಹೋಯಿತು. ಆ ತಿಂಗಳ ಸಂಬಳವೂ ಕೈಸೇರಲಿಲ್ಲ. “ಮಾಸ್ತರೇ, ನಾನು ಮಾಡಿದ ತಪ್ಪೇನು?” ಎಂದು ನಮ್ಮ ಜಗಲಿಯಲ್ಲಿ ಕುಳಿತು ಕೇಳಿದಳು. “ಹೋದ ಕೆಲಸ ಹೋಗಲಿ, ಬೇರೆ ಕಡೆ ನೋಡು” ಎಂದುಬಿಟ್ಟೆ. ಧಣಿಗಳ ಮಾತಿಗೂ ನನ್ನ ಮಾತಿಗೂ ಹೆಚ್ಚಿನ ಅಂತರವಿರಲಿಲ್ಲವೆಂಬುದು ಅವಳು ಎದ್ದು ಹೋದ ಮೇಲೆ ನನಗೆ ಹೊಳೆಯಿತು.

ಸಂಸ್ಕೃತದಲ್ಲಿ ಒಡೆಯನಿಗೆ ‘ಭರ್ತೃ’ವೆಂದೂ ಆಳಿಗೆ ‘ಭೃತ್ಯ’ನೆಂದೂ ಹೆಸರು. ಎರಡಕ್ಕೂ ಧಾತು ಒಂದೇ. ಹೊರುವವನು, ಹೊರಲ್ಪಡತಕ್ಕವನು ಎಂದರ್ಥ. ಮೈಸೂರಿನ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚು ಮಾಡಿಸಿದ ಕೌಟಿಲ್ಯನ ಅರ್ಥಶಾಸ್ತ್ರವು, ಒತ್ತೆಯಿರುವ ಕನ್ಯೆಯನ್ನು ಒಡೆಯನು ತಾನೇ ಕೆಡಿಸಿದರೂ, ಅನ್ಯನಿಂದ ಕೆಡಿಸಿದರೂ ಕೊಟ್ಟ ಹಣ ನಷ್ಟವಾಗಿ ಮೇಲೆ ದಂಡವನ್ನೂ ತೆರಬೇಕೆನ್ನುತ್ತದೆ. ದಾಸ್ಯವನ್ನು ಒಪ್ಪಿದ್ದ ಆ ಕಾಲದ ಗ್ರಂಥವು ನಮಗೆ ಆದರ್ಶವಲ್ಲ. ಆದರೂ ಅನ್ಯನ ದುಷ್ಕೃತ್ಯಕ್ಕೂ ಒಡೆಯನನ್ನು ಹೊಣೆಯಾಗಿಸಿದ ಆ ಮಾತು ಗಮನಾರ್ಹವಾದುದು.

ನಮ್ಮ ದೇಶದ ಇಂದಿನ ಶಾಸನವೂ ಆ ದಿಕ್ಕಿನದೇ. ರಾಜಸ್ಥಾನದ ಭಂವರೀ ದೇವಿಯ ಮೇಲೆ 1992ರಲ್ಲಿ ನಡೆದ ಅತ್ಯಾಚಾರದ ತರುವಾಯ ಮಹಿಳಾ ಸಂಘಟನೆಗಳು ಸುಪ್ರೀಂ ಕೋರ್ಟಿನ ಮೊರೆಹೊಕ್ಕವು. 1997ರಲ್ಲಿ ‘ವಿಶಾಖಾ’ ತೀರ್ಪೂ, 2013ರಲ್ಲಿ ಕೆಲಸದ ಸ್ಥಳದ ಲೈಂಗಿಕ ಕಿರುಕುಳವನ್ನು ತಡೆಯುವ ಕಾಯಿದೆಯೂ ಬಂದವು. ಕೆಲಸದ ಸ್ಥಳಕ್ಕೆ ಬಂದುಹೋಗುವ ಹೊರಗಿನವರಿಂದಲೂ ಸ್ತ್ರೀಯರಿಗೆ ರಕ್ಷಣೆಯಿರುವಂತೆ ನೋಡತಕ್ಕದ್ದು ಯಜಮಾನನ ಕರ್ತವ್ಯವೆಂದು ಅದು ವಿಧಿಸುತ್ತದೆ. ಹತ್ತು ಅಥವಾ ಹೆಚ್ಚು ಮಂದಿ ದುಡಿಯುವಲ್ಲಿ ಆಂತರಿಕ ಸಮಿತಿಯಿರಬೇಕು. ಇಲ್ಲದಿದ್ದರೆ ಐವತ್ತು ಸಾವಿರ ರೂಪಾಯಿಗಳವರೆಗೆ ದಂಡ. ನಮ್ಮ ಸಣ್ಣ ಹೊಟೇಲುಗಳಲ್ಲಿ ಹತ್ತು ಜನರೆಲ್ಲಿ? ಅಂಥವರಿಗಾಗಿ, ಮತ್ತು ಆರೋಪ ಯಜಮಾನನ ಮೇಲೆಯೇ ಇದ್ದಾಗ, ಜಿಲ್ಲೆಯ ಸ್ಥಳೀಯ ಸಮಿತಿಯುಂಟು. ದೂರನ್ನು ಪಡೆದು ಏಳು ದಿನಗಳೊಳಗೆ ಆ ಸಮಿತಿಗೆ ಕಳುಹಿಸಲು ತಾಲೂಕಿಗೊಬ್ಬ ಅಧಿಕಾರಿಯನ್ನು ನೇಮಿಸತಕ್ಕದ್ದೆಂದೂ ಇದೆ. ಕಡಬದಿಂದ ಮಂಗಳೂರಿಗೆ ಬಸ್ಸು ಹಿಡಿದು ಅಲೆಯಬೇಕಾಗಿಲ್ಲ. ಬರೆಯಲಾರದವಳಿಗೆ ಬರೆಯಲು ಸಮಿತಿಯೇ ನೆರವಾಗಬೇಕು. ಘಟನೆಯಾದ ಮೂರು ತಿಂಗಳೊಳಗೆ ದೂರು ಕೊಡಬೇಕು. ತಕ್ಕ ಕಾರಣವಿದ್ದರೆ ಇನ್ನು ಮೂರು ತಿಂಗಳ ಅವಕಾಶವನ್ನು ಸಮಿತಿ ಕೊಡಬಹುದು.

“ಗಿರಾಕಿಯನ್ನು ಗದರಿದರೆ ವ್ಯಾಪಾರ ಉಳಿದೀತೇ?” ಎಂದು ಕೇಳುವ ಯಜಮಾನರಿದ್ದಾರೆ. ಸುಳ್ಯದ ಕಡೆ ಸಣ್ಣ ಹೊಟೇಲು ನಡೆಸುವ ನನ್ನ ಇನ್ನೊಬ್ಬ ಶಿಷ್ಯನು, ಇಂಥದೇ ಪ್ರಸಂಗದಲ್ಲಿ ಗಲ್ಲಾಪೆಟ್ಟಿಗೆಯಿಂದೆದ್ದು ಬಂದು, “ನಿಮ್ಮ ದುಡ್ಡು ಬೇಡ, ನಾಳೆಯಿಂದ ಇಲ್ಲಿಗೆ ಬರಬೇಡಿ” ಎಂದನಂತೆ. ಅವನ ಅಂಗಡಿ ಈಗಲೂ ನಡೆಯುತ್ತಿದೆ. ಹೆಂಡತಿ ಮಕ್ಕಳೊಡನೆ ಬರುವ ಗೃಹಸ್ಥರೇ ಅಲ್ಲಿ ಹೆಚ್ಚು.

ಮರುವಾರ ಆ ಹುಡುಗಿಯನ್ನು ಹೇಳಿಕಳುಹಿಸಿ ಕರೆಸಿಕೊಂಡೆ. ಎರಡು ತಿಂಗಳು ಕಳೆದಿದ್ದುವು, ಒಂದು ಉಳಿದಿತ್ತು. ಅವಳು ತನ್ನ ಮಾತಿನಲ್ಲಿಯೇ ಎರಡು ಪುಟ ಬರೆದಳು. ನಾನು ತಾರೀಖುಗಳನ್ನಷ್ಟೇ ಸರಿನೋಡಿದೆ. ಅರ್ಜಿ ಹೋಗಿದೆ. ವಿಚಾರಣೆಗೆ ಕಾಯಿದೆ ಕೊಟ್ಟಿರುವ ಅವಧಿ 90 ದಿನಗಳು. ತಡೆಹಿಡಿದ ಸಂಬಳ ಇನ್ನೂ ಬಂದಿಲ್ಲ.