ಗಾಲಿಯ ಭಾರ, ಭೂಮಿಯ ಬಲ

ಬಾಯ್ನಾದ ಸಮುದ್ರದಂಡೆಯಲ್ಲಿ ಕೈಗಾಡಿ ನೂಕಿ ನೋಡಿರಿ. ಒಣ ಉಸುಕಿನಲ್ಲಿ ಗಾಲಿ ಹೂತುಕೊಳ್ಳುತ್ತದೆ. ತೆರೆ ಸರಿದುಹೋದ ಹಸಿ ಉಸುಕಿನ ಮೇಲೆ ಅದೇ ಗಾಡಿ ಹಗುರಾಗಿ ಉರುಳುತ್ತದೆ. ವಿಜಯಪುರ, ಬಾಗಲಕೋಟೆ ಕಡೆಯ ನಮ್ಮ ಎರೆಹೊಲದಲ್ಲಿ ಇದು ತಿರುವುಮುರುವು. ಒಣಗಿದಾಗ ಚಕ್ಕಡಿಯನ್ನು ಹೊರುವ ಭೂಮಿ, ಮಳೆ ಬಿದ್ದೊಡನೆ ಗಾಲಿಯನ್ನು ನುಂಗುತ್ತದೆ. ಹೀಗೇಕೆ?

ಉಸುಕಿನ ಹರಳುಗಳು ದಪ್ಪ. ತಾವಾಗಿ ಒಂದಕ್ಕೊಂದು ಅಂಟವು. ನಡುವೆ ತುಸು ನೀರಿದ್ದರೆ ಅದರ ತೆಳುಪೊರೆ ಅವನ್ನು ಸೆಳೆದು ಹಿಡಿಯುತ್ತದೆ. ಎರೆಮಣ್ಣಿನ ಕಣಗಳು ಅತಿ ಸಣ್ಣವು. ನೀರು ಕುಡಿದು ಉಬ್ಬಿ, ಒಂದರ ಮೇಲೊಂದು ಜಾರುತ್ತವೆ.

ಹೂತ ಗಾಲಿ ಎತ್ತಿಗೆ ಭಾರವಾಗುವುದೇಕೆ? ಗಾಲಿ ತನ್ನ ಮುಂದಿನ ಮಣ್ಣನ್ನು ತುಳಿಯುತ್ತ, ತಾನೇ ಮಾಡಿದ ತಗ್ಗಿನಿಂದ ಮೇಲೇರುತ್ತ ಸಾಗಬೇಕು. ಸಮನೆಲವಾದರೂ ಏರು ಹತ್ತಿದಂತೆಯೇ. ಗಾಲಿ ದೊಡ್ಡದಾದಷ್ಟು ಈ ಏರು ಕಡಿಮೆ. ಹಿರಿಯರು ಚಕ್ಕಡಿಗೆ ಎದೆಮಟ್ಟದ ಗಾಲಿ ಹಾಕಿದ್ದು ಸುಮ್ಮನೆ ಅಲ್ಲ.

ಇನ್ನು ಒಂದು ಲೆಕ್ಕ. ಒಂದು ಗಾಲಿಯ ಮೇಲೆ 300 ಕಿಲೋ ಭಾರವಿದೆಯೆನ್ನಿ. ಕಬ್ಬಿಣದ ಪಟ್ಟಿ 5 ಸೆಂಟಿಮೀಟರ್ ಅಗಲ, 10 ಸೆಂಟಿಮೀಟರ್ ಉದ್ದ ನೆಲಕ್ಕೆ ತಾಗಿದರೆ, ಪ್ರತಿ ಚದರ ಸೆಂಟಿಮೀಟರಿಗೆ 6 ಕಿಲೋ ಒತ್ತಡ. ರಬ್ಬರ್ ಟಾಯರು 15 ಅಗಲ, 20 ಉದ್ದ ತಾಗಿದರೆ 1 ಕಿಲೋ ಮಾತ್ರ. 1888ರಲ್ಲಿ ಡನ್‌ಲಪ್ ಸಾಹೇಬರು ಗಾಳಿ ತುಂಬಿದ ಟಾಯರನ್ನು ಮಾಡಿದ್ದು ಸೈಕಲ್ಲಿಗೆ. ಲಾಭ ಎತ್ತಿಗೂ ಆಯಿತು.

ಆದರೆ ಅಗಲ ಟಾಯರು ಮೇಲ್ಮಣ್ಣನ್ನು ಮಾತ್ರ ಕಾಯುತ್ತದೆ. ಒಟ್ಟು ಭಾರ ಹೆಚ್ಚಿದರೆ ಒತ್ತಡ ಆಳಕ್ಕೆ ಇಳಿಯುತ್ತದೆ. ಒಮ್ಮೆ ಬಿತ್ತಿಗೆಯ ಅವಸರದಲ್ಲಿ ನಾನೇ ಹಸಿ ಹೊಲದಲ್ಲಿ ಗೊಬ್ಬರ ತುಂಬಿದ ಟ್ರ್ಯಾಲಿ ಹಾಯಿಸಿದೆ. ಜೋಳ ಮೊಳಕಾಲೆತ್ತರ ಬಂದಾಗ, ಗಾಲಿ ಹೋದ ಜಾಡಿನಲ್ಲಿ ಬೆಳೆ ಕುಳ್ಳಾಗಿ ಹಳದಿಯಾಗಿತ್ತು. ಅಗೆದರೆ ಗೇಣಾಳದಲ್ಲಿ ಹಲಗೆಯಂಥ ಪದರು! ಬೇರುಗಳು ಅಲ್ಲಿಂದಲೇ ಅಡ್ಡ ತಿರುಗಿದ್ದವು. ಅಂಥ ಪದರು ಕೆಲವು ವರ್ಷವಾದರೂ ಬಿಡುವುದಿಲ್ಲ.

ಆದ್ದರಿಂದ ಮೂರು ಮಾತು ನೆನಪಿಡಿರಿ. ಗೇಣಾಳದ ಮಣ್ಣನ್ನು ಅಂಗೈಯಲ್ಲಿ ಹೊಸೆಯಿರಿ. ಶಾವಿಗೆಯಂತೆ ಎಳೆಯಾದರೆ ಹೊಲಕ್ಕೆ ಗಾಲಿ ಇಳಿಸಬೇಡಿರಿ, ಪುಡಿಯಾದರೆ ಇಳಿಸಿರಿ. ಹೆಚ್ಚಿನ ಕೆಡುಕು ಮೊದಲ ಸಲದ ತುಳಿತದಲ್ಲಿಯೇ ಆಗುವುದರಿಂದ ಹೊಲದ ತುಂಬ ಅಡ್ಡಾಡದೆ ಒಂದೇ ಜಾಡು ಹಿಡಿಯಿರಿ. ಒಂದು ದೊಡ್ಡ ಹೇರಿಗಿಂತ ಎರಡು ಸಣ್ಣ ಹೇರು ಮೇಲು.

ಬಾಯ್ನಾದಲ್ಲಿ ದುಡಿದು ಮುಂಗಾರಿಗೆ ಊರಿಗೆ ಹೋಗುವವರಿಗೆ ರಜೆ ನಾಲ್ಕೇ ದಿನ, ಬಾಡಿಗೆಯ ಟ್ರ್ಯಾಕ್ಟರು ಬಾಗಿಲಿಗೆ ಬಂದಿರುತ್ತದೆ. ಅವಸರ ಸಹಜ. ಆದರೂ ಹೊಲ ಹದಕ್ಕೆ ಬರುವವರೆಗೆ ತಡೆಯಿರಿ. ಎರಡು ದಿನದ ಕೂಲಿ ಹೋದರೆ ಮತ್ತೆ ಗಳಿಸಬಹುದು. ಕೆಟ್ಟ ಭೂಮಿ ಬೇಗನೆ ಸುಧಾರಿಸದು.