ಘಟ್ಟವನ್ನಿಳಿಯುವ ಮೊದಲು

ಬೆಟ್ಟಗಾಡಿನಲ್ಲಿ ಕಾಲ್ನಡೆಯಾಗಿ ಸಂಚರಿಸುವುದನ್ನು ಈಚೆಗೆ ‘ಚಾರಣ’ವೆಂದು ಕರೆಯುವ ರೂಢಿ ಬಂದಿದೆ. ಸಂಸ್ಕೃತದಲ್ಲಿ ಚಾರಣನೆಂದರೆ ಊರೂರು ತಿರುಗಿ ಅರಸರ ಕೀರ್ತಿಯನ್ನು ಹಾಡುವವನು. ಶಬ್ದವು ಹೇಗೇ ಬಂದಿರಲಿ, ಹೆಸರು ಒಪ್ಪುವಂತಹದೇ ಆಗಿದೆ. ಬೆಟ್ಟಕ್ಕೆ ಹೋಗಿಬಂದವರೂ ಅದರ ಹೊಗಳಿಕೆಯಲ್ಲಿಯೇ ಹಲವು ದಿನ ಕಳೆಯುವರಷ್ಟೆ. ಆದರೆ ಹೊಗಳಬೇಕಾದರೆ ಮೊದಲು ಸುಖವಾಗಿ ಮನೆಗೆ ಮರಳಬೇಕು. ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಕಡೆಗೆ ಬರಲೆಳಸುವ ಬಂಧುಗಳೂ ಹಳೆಯ ಶಿಷ್ಯರೂ ನನ್ನನ್ನು ಕೇಳುವ ಪ್ರಶ್ನೆಗಳು ಬಹುಮಟ್ಟಿಗೆ ಒಂದೇ ತೆರನಾಗಿರುವುದರಿಂದ, ಅವುಗಳ ಉತ್ತರವನ್ನು ಇಲ್ಲಿ ಒಟ್ಟಾಗಿ ಬರೆದಿಡುತ್ತೇನೆ.

ಮೊದಲನೆಯ ಪ್ರಶ್ನೆ: “ಈ ಬೆಟ್ಟಗಳನ್ನು ಹತ್ತುವುದು ಕಷ್ಟವೇ?” ಇದಕ್ಕೆ ಉತ್ತರವು ಸ್ವಲ್ಪ ವಿಚಿತ್ರವಾದುದು. ಬೇರೆಡೆಗಳಲ್ಲಿ ಬೆಟ್ಟವನ್ನು ಹತ್ತಿ, ತರುವಾಯ ಇಳಿಯುವರು. ನಮ್ಮ ಸೀಮೆಯ ಊರುಗಳಾದರೋ ಘಟ್ಟದ ಮೇಲಣ ನೆಲದಲ್ಲಿಯೇ ಇವೆ. ನದಿಗಳು ಇಲ್ಲಿಂದ ಕೊಳ್ಳಕ್ಕೆ ಧುಮುಕಿ ಕಡಲನ್ನು ಸೇರುವುವು. ಸಿದ್ದಾಪುರ ತಾಲೂಕಿನ ಉಂಚಳ್ಳಿಯಲ್ಲಿ ಅಘನಾಶಿನಿಯು 116 ಮೀಟರು ಬೀಳುವುದು. ಯಲ್ಲಾಪುರದ ಮಾಗೋಡಿನಲ್ಲಿ ಬೇಡ್ತಿಯು ಸುಮಾರು 200 ಮೀಟರು ಬೀಳುವುದು. ಆದಕಾರಣ ಇಲ್ಲಿಯ ಸಂಚಾರವು ಅನೇಕ ಸಲ ಇಳಿತದಿಂದ ಆರಂಭವಾಗುತ್ತದೆ. ಬೆಳಗಿನ ಹುರುಪಿನಲ್ಲಿ ಮಕ್ಕಳು ಓಡುತ್ತ ಇಳಿಯುವರು. ಹೊಟ್ಟೆ ಹಸಿದು ಕಾಲು ಸೋತಾಗ ಏರು ಎದುರಾಗುವುದು. ಇಳಿಯಲು ಒಂದು ಗಂಟೆ ಹಿಡಿದರೆ ಏರಲು ಎರಡು ಗಂಟೆಯನ್ನಿಟ್ಟುಕೊಳ್ಳಿರಿ. ಕೊಳ್ಳಗಳಲ್ಲಿ ಕತ್ತಲೆಯೂ ಬೇಗನೆ ಕವಿಯುವುದರಿಂದ, ಎಲ್ಲಿಯೇ ಇದ್ದರೂ ಮಧ್ಯಾಹ್ನದ ಮೂರು ಗಂಟೆಗೆ ಹಿಂದಿರುಗತಕ್ಕದ್ದು. ನೋಡಬೇಕಾದುದು ಇನ್ನು ಒಂದು ಫರ್ಲಾಂಗು ಮಾತ್ರ ಉಳಿದಿದ್ದರೂ ಈ ನಿಯಮವನ್ನು ಮುರಿಯಬಾರದು.

“ಯಾವ ಕಾಲ ಒಳ್ಳೆಯದು?” ಜೂನಿನಿಂದ ಸೆಪ್ಟೆಂಬರದವರೆಗೆ ಜಲಪಾತಗಳು ತುಂಬಿರುವುವಾದರೂ, ಬಂಡೆಗಳ ಮೇಲೆ ಪಾಚಿ ಕಟ್ಟಿ ಕಾಲು ನಿಲ್ಲದು, ದಾರಿಯುದ್ದಕ್ಕೂ ಉಂಬಳಗಳ ಕಾಟ. ಆಗ ಮೇಲಿನಿಂದ ನೋಡಿ ತೃಪ್ತರಾಗುವುದೇ ಲೇಸು. ಮಳೆ ಹಿಂದೆಗೆದ ಮೇಲೆ, ಅಕ್ಟೋಬರದ ಕೊನೆ ಮತ್ತು ನವೆಂಬರ ತಿಂಗಳು ಕುಟುಂಬದವರಿಗೆ ಅತ್ಯಂತ ಅನುಕೂಲ. ಉಂಬಳ ಹತ್ತಿದರೆ ಗಾಬರಿ ಬೇಡ. ಅದರಿಂದ ರೋಗವೇನೂ ಬಾರದು. ಅದನ್ನು ಉಗುರಿನಿಂದ ಮೆಲ್ಲನೆ ಸರಿಸಿ ಬಿಡಿಸಿ, ಗಾಯವನ್ನು ತೊಳೆದು ಒತ್ತಿ ಹಿಡಿದರೆ ಸಾಕು. ಹೊರಡುವ ಮುನ್ನ ಕಾಲುಚೀಲಕ್ಕೆ ಸುಣ್ಣ ಮತ್ತು ಹೊಗೆಸೊಪ್ಪಿನ ನೀರನ್ನು ಸವರಿಕೊಳ್ಳುವ ವಾಡಿಕೆ ನಮ್ಮಲ್ಲಿದೆ.

ಉಂಬಳಕ್ಕಿಂತ ಹೆಚ್ಚಾಗಿ ಅಂಜಬೇಕಾದುದು ಉಣ್ಣಿಗೆ. 1957ರಲ್ಲಿ ನೆರೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲ್ಪಟ್ಟ ಮಂಗನ ಕಾಯಿಲೆಯು ಈ ಉಣ್ಣಿಯ ಕಡಿತದಿಂದಲೇ ಹರಡುವುದು. ಡಿಸೆಂಬರದಿಂದ ಮೇ ತಿಂಗಳವರೆಗೆ ಇದರ ಭಯ ಹೆಚ್ಚು. 2024ರಲ್ಲಿ ಸಿದ್ದಾಪುರ ತಾಲೂಕಿನ ಹಲವರಿಗೆ ಇದು ತಗುಲಿ ಪ್ರಾಣಹಾನಿಯೂ ಆಯಿತು. ಆ ತಿಂಗಳುಗಳಲ್ಲಿ ಕಾಡಿಗೆ ಹೋಗಲೇಬೇಕಾದರೆ, ಮೊದಲು ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ, ಉಣ್ಣಿಯನ್ನು ತಡೆಯುವ ತೈಲವನ್ನು ಹಚ್ಚಿಕೊಳ್ಳಿರಿ. ಮೈತುಂಬ ಬಟ್ಟೆ ಧರಿಸಿರಿ. ತರಗೆಲೆಯ ಮೇಲೆ ಕುಳಿತುಕೊಳ್ಳಬೇಡಿರಿ. ಮರಳಿದೊಡನೆ ಬಟ್ಟೆಯನ್ನು ಬಿಸಿನೀರಿನಲ್ಲಿ ನೆನೆಹಾಕಿ, ಸಾಬೂನು ಹಚ್ಚಿ ಸ್ನಾನ ಮಾಡಿ, ಮಕ್ಕಳ ಕಂಕುಳು, ಕಿವಿಯ ಹಿಂಭಾಗಗಳನ್ನು ತಾಯಂದಿರು ನೋಡತಕ್ಕದ್ದು. ಸತ್ತ ಮಂಗವನ್ನು ಕಂಡರೆ ಸಮೀಪಕ್ಕೆ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು. ಮುಂದೆ ಎಂಟು ಹತ್ತು ದಿನಗಳೊಳಗೆ ಹಠಾತ್ತಾಗಿ ಜ್ವರ, ತಲೆನೋವು, ಮೈಕೈನೋವು ಬಂದರೆ, ಕಾಡಿಗೆ ಹೋಗಿದ್ದ ಸಂಗತಿಯನ್ನು ವೈದ್ಯರಿಗೆ ಮರೆಯದೆ ಹೇಳಿರಿ.

“ಹಾವು ಕಚ್ಚಿದರೇನು ಗತಿ?” ಗಾಯವನ್ನು ಕೊಯ್ಯುವುದು, ಬಾಯಿಂದ ಹೀರುವುದು, ಹಗ್ಗದಿಂದ ಬಿಗಿಯುವುದು ಇವೆಲ್ಲವೂ ಹಾನಿಕರ. ಉಂಗುರ, ಬಳೆಗಳನ್ನು ತೆಗೆದು, ಕಚ್ಚಿದ ಅಂಗವು ಅಲುಗಾಡದಂತೆ ಒಂದು ಕೋಲಿಗೆ ಸಡಿಲವಾಗಿ ಕಟ್ಟಿ, ರೋಗಿಯನ್ನು ನಡೆಯಗೊಡದೆ ಎತ್ತಿಕೊಂಡು ತಾಲೂಕಾ ಆಸ್ಪತ್ರೆಗೆ ಒಯ್ಯಬೇಕು. 108ಕ್ಕೆ ಕರೆಮಾಡಬಹುದಾದರೂ, ನಮ್ಮ ಕೊಳ್ಳಗಳಲ್ಲಿ ಮೊಬೈಲು ಹಲವು ಕಡೆ ಮೂಕವಾಗುವುದೆಂಬುದನ್ನು ನೆನಪಿಡಿರಿ.

ಇನ್ನು ನೀರಿನ ಮಾತು. ಇದನ್ನು ನಾನು ಪುಸ್ತಕದಿಂದ ಕಲಿತವನಲ್ಲ. 1996ರ ಅಕ್ಟೋಬರದಲ್ಲಿ ಒಂಬತ್ತನೆಯ ತರಗತಿಯ ಹದಿನೆಂಟು ಮಕ್ಕಳನ್ನು ಅಘನಾಶಿನಿಗೆ ಸೇರುವ ಒಂದು ಹಳ್ಳದ ದಂಡೆಗೆ ಕರೆದೊಯ್ದಿದ್ದೆ. ಆಕಾಶ ನಿರ್ಮಲವಾಗಿತ್ತು, ಮೊಣಕಾಲುದ್ದದ ನೀರು, ಮಕ್ಕಳು ನಡುವಣ ಬಂಡೆಯ ಮೇಲೆ ಕುಳಿತು ಬುತ್ತಿ ಬಿಚ್ಚಿದ್ದರು. ಸೊಪ್ಪಿನ ಹೊರೆ ಹೊತ್ತು ಬರುತ್ತಿದ್ದ ಮುದುಕರೊಬ್ಬರು ದಂಡೆಯಲ್ಲಿ ನಿಂತು, “ಮಾಸ್ತರೇ, ನೀರಿನ ಬಣ್ಣ ತಿರುಗಿತು, ಮಕ್ಕಳನ್ನು ಮೇಲೆ ಕರೆಯಿರಿ” ಎಂದರು. “ಮಳೆಯೇ ಇಲ್ಲವಲ್ಲ, ಊಟವಾಗಲಿ” ಎಂದೆ ನಾನು. ಅವರು ನನ್ನೊಡನೆ ವಾದಿಸಲಿಲ್ಲ. ಹೊರೆಯನ್ನು ಕೆಳಗೆಸೆದು ತಾವೇ ನೀರಿಗಿಳಿದರು. ಹದಿನೇಳು ಮಂದಿ ದಡ ಸೇರಿದರು. ಒಬ್ಬನು ಬುತ್ತಿಯ ಡಬ್ಬಿಗಾಗಿ ಹಿಂದಿರುಗಿದ. ಅಷ್ಟರಲ್ಲಿ ಕೆಂಪು ನೀರು ಅವನ ಎದೆಮಟ್ಟಕ್ಕೆ ಬಂದಿತ್ತು. ಆ ಮುದುಕರು ತಮ್ಮ ಕೋಲನ್ನು ಚಾಚಿ ಎಳೆಯದಿದ್ದರೆ ನಾನು ಅವನ ತಾಯಿಗೆ ಯಾವ ಮುಖ ತೋರಿಸುತ್ತಿದ್ದೆ? ಕಾಲು ಗಂಟೆಯೊಳಗೆ ಬಂಡೆಯೇ ಕಾಣದಾಯಿತು. ಮಳೆ ಎಲ್ಲೋ ಮೇಲಣ ಕಾಡಿನಲ್ಲಿ ಬಿದ್ದಿತ್ತು. “ಹೊಳೆಗೆ ಮಾಸ್ತರರ ಹೆದರಿಕೆ ಇಲ್ಲ” ಎಂದಷ್ಟೇ ಹೇಳಿ, ಆ ಪುಣ್ಯಾತ್ಮರು ಹೊರೆಯನ್ನೆತ್ತಿಕೊಂಡು ಹೋದರು. ತಪ್ಪು ಪೂರ್ಣವಾಗಿ ನನ್ನದು. ನೀರು ಕದಡಿದರೆ, ಎಲೆಕಡ್ಡಿ ತೇಲಿಬಂದರೆ, ಸದ್ದು ಬದಲಾದರೆ, ಆ ಕ್ಷಣವೇ ದಂಡೆಯನ್ನು ಏರಿರಿ. ಗಂಟುಮೂಟೆ ಹೋದರೆ ಹೋಗಲಿ.

ಈ ಪ್ರಸಂಗದಿಂದ ನಾನು ಕಲಿತ ಮುಖ್ಯ ಪಾಠವೆಂದರೆ, ಕಾಡಿನಲ್ಲಿ ಅಲ್ಲಿಯ ನಿವಾಸಿಯೇ ಗುರು. ಆತನ ಮನೆಯನ್ನೂ ಭೂಮಿಯನ್ನೂ ಗೌರವದಿಂದ ಕಾಣಬೇಕು. ನಮ್ಮಲ್ಲಿ ‘ಬೆಟ್ಟ’ವೆಂದರೆ ಬರಿಯ ಗುಡ್ಡವಲ್ಲ, ಅಡಿಕೆ ತೋಟಕ್ಕೆ ಸೊಪ್ಪು ಒದಗಿಸುವ ಕಾಡಿಗೂ ಅದೇ ಹೆಸರು. ದಾರಿಯು ಅಂತಹ ಬೆಟ್ಟದ ಮೂಲಕವೋ ತೋಟದ ಅಂಚಿನಲ್ಲಿಯೋ ಹೋಗುವುದುಂಟು. ದಣಪೆಯನ್ನು ತೆರೆದವರೇ ಮುಚ್ಚಬೇಕು. ಇಲ್ಲವಾದರೆ ದನ ನುಗ್ಗಿ ಒಬ್ಬರ ವರ್ಷದ ದುಡಿಮೆ ಹಾಳಾಗುವುದು. ಮನೆಯ ಮುಂದೆ ಹಾಯುವಾಗ ನಿಂತು ದಾರಿ ಕೇಳಿರಿ. “ಆಸರಿಗೆ ಏನು ಬೇಕು?” ಎಂದು ವಿಚಾರಿಸಿ, ಬೆಲ್ಲ ನೀರನ್ನೋ ಮುರುಗಲ ಹಣ್ಣಿನ ಪಾನಕವನ್ನೋ ಕೊಡುವ ಸಂಪ್ರದಾಯ ಇನ್ನೂ ಉಳಿದಿದೆ. ಅವರು “ಇಂದು ಬೇಡ” ಎಂದರೆ ಹಿಂದಿರುಗಿರಿ. ರಕ್ಷಿತಾರಣ್ಯವಾದರೆ ಅರಣ್ಯ ಕಚೇರಿಯ ಅನುಮತಿಯೂ ಬೇಕಾದೀತು. ಅದನ್ನು ಮೊದಲೇ ಕೇಳಿಕೊಳ್ಳತಕ್ಕದ್ದು.

ಜೊತೆಯಲ್ಲಿ ಕುಡಿಯುವ ನೀರು, ಅವಲಕ್ಕಿ ಬೆಲ್ಲ, ಒಂದು ಬ್ಯಾಟರಿ ದೀಪ, ಶುಭ್ರವಾದ ಬಟ್ಟೆಯ ಪಟ್ಟಿ, ಎದೆಮಟ್ಟದ ಊರುಗೋಲು ಇರಲಿ. ಒಂಟಿಯಾಗಿ ಹೋಗಬೇಡಿರಿ, ಗುಂಪಿನಲ್ಲಿ ನಡೆಯುವಾಗ ಎಲ್ಲರಿಗಿಂತ ನಿಧಾನವಾಗಿ ನಡೆಯುವವನನ್ನು ಮುಂದೆ ಬಿಡಿರಿ. ಕಡೆಯದಾಗಿ, ಹೊರಡುವ ಮುಂಚೆ ಒಂದು ಚೀಟಿಯಲ್ಲಿ ಎಲ್ಲಿಗೆ, ಯಾರೊಡನೆ, ಎಷ್ಟು ಗಂಟೆಗೆ ಮರಳುವಿರೆಂಬುದನ್ನು ಬರೆದು ಅಡಿಗೆಮನೆಯ ಗೋಡೆಗೆ ಅಂಟಿಸಿರಿ. ಆ ಗಂಟೆಗೆ ಬಾಗಿಲ ಕಡೆ ನೋಡುವವರು ಮನೆಯಲ್ಲಿರುವರೆಂಬ ನೆನಪೊಂದಿದ್ದರೆ, ಮೂರು ಗಂಟೆಗೆ ಹಿಂದಿರುಗುವುದು ಯಾರಿಗೂ ಕಷ್ಟವೆನಿಸದು.