ಮನೆಬಳಕೆಯ ಸಿಗರೇಟು ಯಂತ್ರ: ಆಯ್ಕೆ, ನಿರ್ವಹಣೆ ಮತ್ತು ವ್ಯಾಪಾರಿಯ ಹೊಣೆ

ತೆರಿಗೆಯ ಬದಲಾವಣೆಯು ಒಂದು ಸಣ್ಣ ಯಂತ್ರದ ಮಾರುಕಟ್ಟೆಯನ್ನೇ ಹೇಗೆ ತಿರುಗಿಸಬಲ್ಲದು ಎಂಬುದಕ್ಕೆ ಅಮೆರಿಕದ ಸಿಗರೇಟು ಯಂತ್ರವು ಉತ್ತಮ ನಿದರ್ಶನವಾಗಿದೆ. 2009ರ ಏಪ್ರಿಲ್‌ನಲ್ಲಿ ಅಲ್ಲಿ ಸುತ್ತುವ ತಂಬಾಕಿನ ಕೇಂದ್ರ ತೆರಿಗೆಯು ಪೌಂಡಿಗೆ ಸುಮಾರು 1.10 ಡಾಲರಿನಿಂದ 24.78 ಡಾಲರಿಗೆ ಏರಿತು; ಪೈಪ್ ತಂಬಾಕಿಗೆ ನಿಗದಿಯಾದುದು 2.83 ಡಾಲರ್ ಮಾತ್ರ. ಗ್ರಾಹಕರು ಪೈಪ್ ತಂಬಾಕಿನತ್ತ ಹೊರಳಿದರು. ಅನೇಕ ಅಂಗಡಿಗಳು ಗ್ರಾಹಕರ ಬಳಕೆಗೆಂದು ದೊಡ್ಡ ಯಂತ್ರಗಳನ್ನು ಸ್ಥಾಪಿಸಿದವು. 2012ರ ಜುಲೈನ ಕಾಯಿದೆಯು ಇಂತಹ ಅಂಗಡಿಕಾರರನ್ನು ತಯಾರಕರೆಂದೇ ಪರಿಗಣಿಸಿ, ಪರವಾನಗಿ ಹಾಗೂ ತೆರಿಗೆಯ ಹೊಣೆಯನ್ನು ಅವರ ಮೇಲೆ ಹೊರಿಸಿತು. ಸ್ವಂತ ಬಳಕೆಯ ಪ್ರಮಾಣಕ್ಕಷ್ಟೇ ಒದಗುವ ಮನೆಯಂತ್ರದ ಚಿಲ್ಲರೆ ಮಾರಾಟಕ್ಕೆ ವಿನಾಯಿತಿಯುಂಟು. ಆದರೆ ಅದನ್ನು ಅಂಗಡಿಯಲ್ಲಿ ಬಳಸುವಂತಿಲ್ಲ.

ಆಯ್ಕೆ: ಮನೆಯಂತ್ರಗಳಲ್ಲಿ ಮುಖ್ಯವಾಗಿ ಮೂರು ಬಗೆ. ಎರಡು ಉರುಳೆಗಳ ನಡುವೆ ಕಾಗದ ಸುತ್ತುವ ಕೈಯಂತ್ರವು ಅಗ್ಗ. ಸಿದ್ಧ ಕೊಳವೆಗೆ ತಂಬಾಕು ತುಂಬುವ ಹಿಡಿಕೆಯ ಯಂತ್ರವು ಒಂದೇ ಸಮನಾದ ಸಿಗರೇಟು ನೀಡುತ್ತದೆ. ವಿದ್ಯುತ್ ಯಂತ್ರದಲ್ಲಿ ಶ್ರಮ ಕಡಿಮೆ, ದುರಸ್ತಿ ಹೆಚ್ಚು. ಕೊಳವೆಯು 84 ಮಿ.ಮೀ.ನದೋ 100 ಮಿ.ಮೀ.ನದೋ ಎಂಬುದನ್ನು ಯಂತ್ರದೊಡನೆ ಹೊಂದಿಸಿ ನೋಡಬೇಕು; ಬಿಡಿಭಾಗಗಳ ಲಭ್ಯತೆಯನ್ನೂ ವಿಚಾರಿಸಬೇಕು.

ನಿರ್ವಹಣೆ: ತಂಬಾಕು ಹಸಿಯಾದರೆ ಯಂತ್ರವು ಸಿಕ್ಕಿಕೊಳ್ಳುತ್ತದೆ, ತೀರ ಒಣಗಿದರೆ ಪುಡಿಯಾಗಿ ಉದುರುತ್ತದೆ. ಕಡ್ಡಿಗಳನ್ನು ಮೊದಲೇ ಆರಿಸಿ ತೆಗೆಯಬೇಕು. ಸಿಕ್ಕಿಕೊಂಡ ಹಿಡಿಕೆಯನ್ನು ಬಲವಂತದಿಂದ ತಿರುಗಿಸಿದರೆ ಒಳಗಿನ ಲೋಹದ ಭಾಗ ಬಾಗುತ್ತದೆ. ಬಳಕೆಯ ನಂತರ ಒಣ ಕುಂಚದಿಂದ ಪುಡಿ ತೆಗೆಯುವುದು ಕ್ಷೇಮ. ವಿದ್ಯುತ್ ಯಂತ್ರವಾದರೆ ಮೊದಲು ಸಂಪರ್ಕ ಕಡಿಯಬೇಕು.

ಮನೆಯಲ್ಲಿ ತಯಾರಿಸಿದ ಸಿಗರೇಟು ಕಡಿಮೆ ಹಾನಿಕರವೆಂಬುದು ಸುಳ್ಳು. ಅಂತಹ ಭರವಸೆಯಿತ್ತು ಯಂತ್ರ ಮಾರುವುದು ವ್ಯಾಪಾರಧರ್ಮವಲ್ಲ.